ಬಿಸಿನೀರಿಗಿಟ್ಟ ಸಾಸಿವೆ ಜೇನು

ಹಲೋ… ಹಲೋ, ಯಾರು ಮಾತಾಡ್ತಿರೋದು? ಇದು ಮಾವನ ಫೋನ್ ಅಲ್ವಾ?

…

ಓ, ಅತ್ತೆ! ನಾನು ಅತ್ತೆ, ನಾನು. ದನಿ ಗುರುತು ಸಿಗ್ಲಿಲ್ವಾ? … ಹಾಂ, ಅವಳೇ. ನಿಮ್ಮ ಜೇನು ಡಾಕ್ಟ್ರು. ಹಾಗೆ ಕರೀಬೇಡಿ ಅಂತ ಎಷ್ಟು ಸಲ ಹೇಳಿದೀನಿ, ನಾನು ಯಾವ ಡಾಕ್ಟ್ರೂ ಅಲ್ಲ. ಲ್ಯಾಬಲ್ಲಿ ಗಾಜಿನ ಕೊಳವೆ ತೊಳೆಯೋಳು, ಜೇನು ಅಳೆಯೋಳು, ಅಷ್ಟೆ. … ನೆಗಡಿ ಇಲ್ಲ. ಇಲ್ಲ ಅತ್ತೆ, ಅತ್ತೂ ಇಲ್ಲ. ಕಾರಿಡಾರಲ್ಲಿ ನಿಂತಿದೀನಿ, ದನಿ ಗೋಡೆಗೆ ಬಡಿದು ಹಾಗೆ ಕೇಳುತ್ತೆ. ಮಾವ ಇದಾರಾ?

…

ಜೇನು ಪೆಟ್ಟಿಗೆಗಳ ಹತ್ರಾನಾ? ಫೋನ್ ಮನೇಲಿ ಬಿಟ್ಟು ಹೋಗಿದಾರಾ? ಸ್ವಲ್ಪ ಕೂಗ್ತೀರಾ? … ಅರ್ಜೆಂಟ್ ಅಂದ್ರೆ… ಹಾಂ, ಅರ್ಜೆಂಟೇ.

…

ಏನು, ಫ್ರೇಮಾ? ಯಾವುದಕ್ಕೆ? … ಆ ಹಾಳೆಗಾ? ನಾನು ಕಳಿಸಿದ ಫಲಿತಾಂಶದ ಹಾಳೆಗಾ? ಅಯ್ಯೋ ಅತ್ತೆ, ಅದಕ್ಕೆ ಯಾರಾದ್ರೂ ಗಾಜು ಹಾಕಿಸ್ತಾರಾ! … ಬಂದೋರಿಗೆಲ್ಲ ತೋರಿಸ್ತಿದಾರಾ? … ನೀರಿನ ಪೈಪು ರಿಪೇರಿಗೆ ಬಂದೋನಿಗೂನಾ? ಅವನನ್ನ ಕೂರಿಸ್ಕೊಂಡು ಯಾವ ಹೂವಿನ ಜೇನು ಹೆಚ್ಚು, ಯಾವುದು ಕಮ್ಮಿ ಅಂತ ಓದಿ ಹೇಳಿದ್ರಾ? … ಇಲ್ಲ ಅತ್ತೆ, ನಗ್ತಿಲ್ಲ. ನಗು ಬರ್ತಿಲ್ಲ. ಒಂದು ಕೆಲಸ ಮಾಡಿ, ಅದನ್ನ ಗೋಡೆಯಿಂದ ಇಳಿಸಿಬಿಡಿ. … ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಮಾವನ್ನ ಕರೀರಿ.

…

ಹಗ್ಗ ಹುಡುಕ್ತಿದಾರಾ? ಹಗ್ಗ ಯಾಕೆ? … ಲಾರಿನಾ? ಇವತ್ತಾ? ಬರೋ ವಾರ ಅಂದಿದ್ರಲ್ಲ! ಬರೋ ವಾರ ಪೆಟ್ಟಿಗೆ ಸಾಗಿಸೋದು ಅಂತ ನನ್ನ ಹತ್ರಾನೇ ಹೇಳಿದ್ರು. … ಲಾರಿಯವನಿಗೆ ಇವತ್ತೇ ಬಿಡುವಾ. ಸಂಜೆ ಹುಳ ಎಲ್ಲ ಗೂಡಿಗೆ ವಾಪಸ್ ಬಂದ್ಮೇಲೆ ಪೆಟ್ಟಿಗೆ ಬಾಗ್ಲು ಮುಚ್ಚಿ ಹೊರಡೋದಾ? … ಅತ್ತೆ, ನಿಮ್ಮ ದಮ್ಮಯ್ಯ, ಒಲೆ ಮೇಲೆ ಏನಿದ್ರೂ ಇಳಿಸಿ, ಹೋಗಿ ಅವರ ಕೈಗೆ ಫೋನ್ ಕೊಡಿ. ನಾನು ಹಿಡ್ಕೊಂಡೇ ಇರ್ತೀನಿ.

…

ಹಲೋ, ಮಾವ? … ಹಾಂ, ಚೆನ್ನಾಗಿದೀನಿ. ನೀವು ಚೆನ್ನಾಗಿದೀರಾ? … ಕೇಳ್ತಾ ಇದೀನಿ, ಹೇಳಿ. … ಕಾಲುವೆ ಆಚೆಯವರು ಜಾಗ ಕೊಟ್ರಾ? ಸಾಸಿವೆ ಹೊಲದ ನಟ್ಟನಡುವೆನಾ? … ಹಾಂ, ಗೊತ್ತು ಮಾವ, ಮೊದಲನೇ ಸ್ಥಾನದ ಹೂವಿನ ಜೇನಿನ ಬಾಟ್ಲಿಗೆ ಮಾತ್ರ ಜೇನು ಸಾಕೋರ ಸಂಘದವರು ಚೀಟಿ ಅಂಟಿಸ್ತಾರೆ, ಅದಕ್ಕೇ ಬೆಲೆ ಜಾಸ್ತಿ. ಗೊತ್ತು, ಗೊತ್ತು. … ಯಾರು ಭಾಷಣ ಮಾಡಿದ್ದು? ನೀವಾ? ಮೈಕ್ ಹಿಡ್ಕೊಂಡಾ? … 'ಆಂಟಿಆಕ್ಸಿಡೆಂಟ್ ಅಂದ್ರೆ ಮೈಯೊಳಗೆ ತುಕ್ಕು ಹಿಡಿಯೋದನ್ನ ತಡೆಯೋ ಗುಣ' ಅಂದ್ರಾ? ಚೆನ್ನಾಗೇ ಹೇಳಿದೀರಿ. … ಯಾರು ಅಳೆದಿದ್ದು ಅಂತಾನೂ ಹೇಳಿದ್ರಾ? 'ನನ್ನ ತಂಗಿ ಮಗಳು' ಅಂತಾನಾ? … ಚಪ್ಪಾಳೆ ಬೇರೆ ಹೊಡೆದ್ರಾ… ಅಯ್ಯೋ.

…

ಸಂತೋಷ ಆಯ್ತು ಮಾವ. ಇಲ್ಲ, ಆಯ್ತು. … ಮಾವ, ಒಂದು ಮಾತು. ಇವತ್ತು ಲಾರಿ ಬೇಡ ಅಂದುಬಿಡಿ. … ಯಾಕೆ ಅಂದ್ರೆ… ಮಳೆ ಬರೋ ಹಾಗಿದೆಯಂತೆ. … ಅಲ್ಲಿ ಸುಡುಬಿಸಿಲಾ? ಒಂದು ತುಂಡು ಮೋಡಾನೂ ಇಲ್ವಾ? … ಹೂಂ. ಇಲ್ಲೂ ಇಲ್ಲ.

…

ಕಾಯಿಲೆ ಗೀಯಿಲೆ ಏನೂ ಇಲ್ಲ. … ಮದುವೆ ವಿಷಯಾನೂ ಅಲ್ಲ ಮಾವ! ಯಾರೂ ಸಿಕ್ಕಿಲ್ಲ, ಸಿಕ್ಕಿದ್ರೆ ನಿಮಗೆ ಮುಂಚೆ ಅತ್ತೆಗೆ ಗೊತ್ತಾಗಿರ್ತಿತ್ತು. … ಸುತ್ತಿ ಬಳಸಿ ಮಾತಾಡ್ತಿದೀನಿ, ಹೌದು. ನೀವು ಕೂತಿದೀರಾ? … ಪೆಟ್ಟಿಗೆ ಮೇಲೆ ಕೂರ್ಬೇಡಿ, ಹುಳ ಕಡಿದಾವು. ಆ ಕಲ್ಲು ಬೆಂಚಿನ ಮೇಲೆ ಕೂತ್ಕೊಳ್ಳಿ.

…

ಆ ಹಾಳೆ ತಪ್ಪು ಮಾವ.

…

ಹಲೋ? ಕೇಳಿಸ್ತಾ? … ಹಾಳೆ ತಪ್ಪು ಅಂದೆ. ಸಾಸಿವೆ ಮೊದಲನೇದಲ್ಲ. … ಟೈಪು ಮಾಡೋವಾಗಲ್ಲ. ಯಂತ್ರಾನೂ ಕೆಟ್ಟಿಲ್ಲ, ಪಾಪ, ಯಂತ್ರ ಕಂಡಿದ್ದನ್ನ ಹೇಳ್ತು. ತಪ್ಪು ಮಾಡಿದ್ದು ನಾನು.

…

ಹೇಳ್ತೀನಿ, ಹೇಳ್ತೀನಿ. ಸಾಸಿವೆ ಜೇನಿನವರು ಕಳಿಸಿದ ಬಾಟ್ಲಿ ಇತ್ತಲ್ಲ, ಅದು ಪೂರ್ತಿ ಹರಳುಗಟ್ಟಿತ್ತು. ಬೆಣ್ಣೆ ಹಾಗೆ ಬೆಳ್ಳಗೆ, ಚಮಚ ಚುಚ್ಚಿದ್ರೆ ಚಮಚಾನೇ ಬಾಗ್ತಿತ್ತು. … ಹೌದು, ಸಾಸಿವೆ ಜೇನು ಬೇಗ ಗಟ್ಟಿಯಾಗುತ್ತೆ, ಅದೇನು ತಪ್ಪಲ್ಲ. ಆದ್ರೆ ಕರಗಿಸದೆ ಅಳೆಯೋಕಾಗಲ್ಲ. ಕರಗಿಸೋಕೆ ನಮ್ಮಲ್ಲಿ ಒಂದು ಬಿಸಿನೀರಿನ ತೊಟ್ಟಿ ಇದೆ. ಅದರ ನೀರು ಕೈಗೆ ಹಿತ ಅನ್ನಿಸ್ಬೇಕು, ಅಷ್ಟೇ ಬಿಸಿ ಇರ್ಬೇಕು. ಹಾಗಂತ ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದೀವಿ. ಬರೆದಿದ್ದು ಯಾರು ಅಂತ ಕೇಳ್ಬೇಡಿ. … ಹೂಂ, ನಾನೇ.

…

ಆವತ್ತು ಪಕ್ಕದ ರೂಮಲ್ಲಿ ಬೀಳ್ಕೊಡುಗೆ. ನನ್ನ ಜೊತೆ ಕೂರ್ತಿದ್ದೋಳು ಬೇರೆ ಕಡೆ ಹೋಗ್ತಿದ್ಲು, ಕೇಕು ತಂದಿದ್ರು. ಬನ್ನಿ ಬನ್ನಿ ಅಂತ ಕರೀತಿದ್ರು. ಇದು ನೋಡಿದ್ರೆ ಕರಗ್ತಾನೇ ಇಲ್ಲ. ಬೇಗ ಆಗ್ಲಿ ಅಂತ ಗುಂಡಿ ತಿರುಗಿಸಿ ಬಿಸಿ ಜಾಸ್ತಿ ಮಾಡಿದೆ ಮಾವ. ಒಂದು ತುಂಡು ಕೇಕು ತಿಂದು ಬರ್ತೀನಿ ಅಂತ ಹೋದೋಳು… ಹಾಡಿದೆ, ಹರಟೆ ಹೊಡೆದೆ, ಫೋಟೋ ತೆಗೆಸ್ಕೊಂಡೆ. ಜೇನು ಮರ್ತೇಹೋಯ್ತು. ವಾಪಸ್ ಬಂದು ನೋಡಿದ್ರೆ ಬೆಳ್ಳಗಿದ್ದ ಜೇನು ಕಡು ಟೀ ಬಣ್ಣಕ್ಕೆ ತಿರುಗಿದೆ.

…

ಇನ್ನೊಂದು ಬಾಟ್ಲಿ ಇರ್ಲಿಲ್ಲ. ಅದೊಂದೇ ಕಳಿಸಿದ್ದು ಅವರು. … ಹೌದು, ಕೇಳ್ಬಹುದಿತ್ತು. 'ಹಾಳು ಮಾಡಿದೆ, ಇನ್ನೊಂದು ಕೊಡಿ' ಅನ್ನೋಕೆ ನಾಚಿಕೆ ಆಯ್ತು. ಬಣ್ಣ ತಾನೇ ಹೋಗಿದ್ದು, ಗುಣ ಎಲ್ಲಿಗೆ ಹೋಗುತ್ತೆ ಅಂತ ನನಗೆ ನಾನೇ ಹೇಳ್ಕೊಂಡು ಅಳೆದುಬಿಟ್ಟೆ.

…

ಹೇಗೆ ಅಳೆಯೋದು ಅಂದ್ರೆ… ನೀವು ಬಂದಾಗ ತೋರಿಸಿದ್ದೆನಲ್ಲ, ಆ ನೇರಳೆ ಬಣ್ಣದ ದ್ರಾವಣ? ಅದಕ್ಕೆ ನೀರಲ್ಲಿ ಕರಗಿಸಿದ ಜೇನು ಚೂರು ಹಾಕಿದ್ರೆ ಬಣ್ಣ ಬಿಳಚಿಕೊಳ್ಳುತ್ತೆ. ಜಾಸ್ತಿ ಬಿಳಚಿದ್ರೆ ಜಾಸ್ತಿ ಆಂಟಿಆಕ್ಸಿಡೆಂಟ್. ಎಷ್ಟು ಬಿಳಚಿತು ಅಂತ ಯಂತ್ರ ಹೇಳುತ್ತೆ. ಆದ್ರೆ ಜೇನನ್ನ ಹಾಗೆ ಕಾಯಿಸಿದ್ರೆ ಒಳಗಿನ ಸಕ್ಕರೆ ಕಂದಿ ಬೇರೆ ಏನೇನೋ ಹುಟ್ಕೊಳ್ಳುತ್ತೆ ಮಾವ, ಅವೂ ನೇರಳೆ ಬಣ್ಣಾನ ಬಿಳಚಿಸ್ತಾವೆ. ಇದು ಹೂವಿನ ಗುಣಾನಾ, ನನ್ನ ತೊಟ್ಟಿಯ ಬಿಸಿನಾ ಅಂತ ಯಂತ್ರಕ್ಕೇನು ಗೊತ್ತು? ಸಾಸಿವೆ ಎಲ್ಲದಕ್ಕಿಂತ ಮೇಲೆ ಹೋಗಿ ಕೂತ್ಕೊಳ್ತು.

…

ಏನಂದ್ರಿ? … ಹಾಗಾದ್ರೆ ಎಲ್ಲಾ ಜೇನನ್ನೂ ಕಾಯಿಸಿ ಮಾರಬಹುದಾ ಅಂತಾನಾ? ಮಾವ! ತಮಾಷೆ ಮಾಡ್ಬೇಡಿ. ಕಾಯಿಸಿದ್ರೆ ಜೇನಿನ ಬೇರೆ ಒಳ್ಳೇದೆಲ್ಲ ಹಾಳಾಗುತ್ತೆ. … ನನ್ನ ನಗಿಸೋಕೆ ಅಂದಿದ್ದು ಅಂತ ಗೊತ್ತು. ನಗಿಸ್ಬೇಡಿ. ಬೈರಿ.

…

ಇವತ್ತು ಗೊತ್ತಾಯ್ತು ಅಂತಲ್ಲ… ಸಾಸಿವೆಯವರ ಹತ್ರ ಹೊಸ ಬಾಟ್ಲಿ ತರಿಸಿ, ನೀರಿನ ಬಿಸಿ ಕೈಯಲ್ಲಿ ನೋಡ್ಕೊಂಡು, ಪಕ್ಕದಲ್ಲೇ ಕೂತು ಕರಗಿಸಿ, ಇವತ್ತು ಮತ್ತೆ ಅಳೆದೆ. ಸಾಸಿವೆ ಕೊನೆಗೆ ಬಂತು. ಸೂರ್ಯಕಾಂತಿಗಿಂತ ಕೆಳಗೆ, ಎಳ್ಳು ಹೂವಿಗಿಂತ ಕೆಳಗೆ. ಮೊದಲನೇದು ಯಾವುದು ಗೊತ್ತಾ? … ಹೂಂ. ಕೊತ್ತಂಬರಿ. ನಿಮ್ಮದೇ ಜೇನು ಮಾವ. ನಿಮ್ಮ ಪೆಟ್ಟಿಗೆ ಪಕ್ಕದಲ್ಲೇ ಇರೋ ದೊಡ್ಡಮ್ಮನ ಹೊಲದ ಕೊತ್ತಂಬರಿ ಹೂವಿನ ಜೇನು.

…

ಆವತ್ತೇ ಗೊತ್ತಿತ್ತಾ ಅಂತಾನಾ? … ಅನುಮಾನ ಇತ್ತು. … ಅಲ್ಲ, ನಿಮ್ಮ ಹತ್ರ ಸುಳ್ಳು ಯಾಕೆ. ಗೊತ್ತಿತ್ತು. ಅಂಕಿ ನೋಡಿದ ಕೂಡ್ಲೇ ಗೊತ್ತಾಯ್ತು. ಹೇಳೋಣ ಅಂತ ಹಾಳೆ ಹಿಡ್ಕೊಂಡೇ ನಮ್ಮ ಲ್ಯಾಬಿನ ಮೇಡಂ ರೂಮಿಗೆ ಹೋದೆ ಮಾವ. ಅವರು ಹಾಳೆ ಕಿತ್ಕೊಂಡು ನೋಡಿ, 'ಸಾಸಿವೆನಾ! ಯಾರೂ ಅಂದ್ಕೊಂಡಿರ್ಲಿಲ್ಲ, ಎಂಥಾ ಕೆಲಸ ಮಾಡಿದೀಯ' ಅಂತ ಎಲ್ರನ್ನೂ ಕರೆದು, ಎಲ್ರೆದುರಿಗೇ ಹೊಗಳಿ ಅಟ್ಟಕ್ಕೇರಿಸಿಬಿಟ್ರು. ಅಲ್ಲಿವರೆಗೂ ನನ್ನ ಮುಖಾನೂ ಸರಿಯಾಗಿ ನೋಡಿದೋರಲ್ಲ ಅವರು. ಮೇಲೆ ಹತ್ತಿದ್ಮೇಲೆ ಇಳಿಯೋಕೆ ಮನಸಾಗ್ಲಿಲ್ಲ. ಬಾಯಿಗೆ ಬೀಗ ಹಾಕ್ಕೊಂಡೆ.

…

ಈಗಾದ್ರೂ ಬೈರಿ ಮಾವ.

…

ಬೇಡ. ಬೇಡ ಮಾವ, ಹಾಗೆ ಹೇಳ್ಬೇಡಿ. ಯಾರಿಗೂ ಹೇಳ್ದೆ ಇದ್ದುಬಿಡು ಅಂತೀರಲ್ಲ, ಅದು ಹೇಗಾಗುತ್ತೆ? ಸಂಘದವರು ಚೀಟಿ ಅಚ್ಚು ಹಾಕಿಸ್ತಾರೆ, ಜನ ನಂಬಿ ತಗೋತಾರೆ. … ಕೆಲಸ ಹೋದ್ರೆ ಹೋಗುತ್ತೆ. ಹೋಗಬಾರ್ದು ಅಂತ ಆಸೆ ಇದೆ, ಹೆದರಿಕೇನೂ ಇದೆ. ಮೇಡಂ ರೂಮಿನ ಬಾಗ್ಲು ನನ್ನ ಎದುರಿಗೇ ಇದೆ. ಮೊದಲು ನಿಮಗೆ ಹೇಳಿ, ಆಮೇಲೆ ಒಳಗೆ ಹೋಗ್ತೀನಿ. ಅವರಿಗೆ ಹೇಳೋದು ಸುಲಭ. ನಿಮಗೆ ಹೇಳೋದೇ ಕಷ್ಟ ಇತ್ತು.

…

ಹೂಂ… ಹೂಂ. ಲಾರಿಯವನಿಗೆ ಬೇಡ ಅಂತ ಹೇಳ್ತೀರಾ? ಈಗ್ಲೇನಾ? … ಸದ್ಯ! ಮಾವ, ನಿಮಗೆ ಹೇಗೆ ಹೇಳ್ಲಿ, ಊಟ ಸೇರ್ತಿರ್ಲಿಲ್ಲ ನನಗೆ. ಪೆಟ್ಟಿಗೆ ಒಂದೂ ಅಲುಗಾಡಿಲ್ಲ ಅಲ್ವಾ? ಹಾಗಾದ್ರೆ ಏನೂ ಕೆಟ್ಟಿಲ್ಲ. ಇದ್ದಲ್ಲೇ ಇರ್ಲಿ. ಪ್ರತಿ ಸಲದ ಹಾಗೆ ದೊಡ್ಡಮ್ಮನ ಕೊತ್ತಂಬರಿಗೇ ಹೋಗಿ ಬರ್ಲಿ ಹುಳ. ಅಕ್ಕನಿಗೆ ಬೀಜ, ತಮ್ಮನಿಗೆ ಜೇನು. … ದೊಡ್ಡಮ್ಮನಿಗೆ ನಾನೇ ಹೇಳ್ಲಾ? ನಿನ್ನ ಹೂವೇ ಎಲ್ಲಕ್ಕಿಂತ ಮೇಲು ಅಂದ್ರೆ ಹಿಗ್ಗಿ ಹೀರೇಕಾಯಿ ಆಗ್ತಾರೆ. ಹೊಲ ತುಂಬ ಹೂವಿರ್ಬೇಕಲ್ವಾ ಈಗ?

…

ಮಾವ?

…

ಏನಾಯ್ತು ದೊಡ್ಡಮ್ಮನಿಗೆ? ಆರೋಗ್ಯವಾಗಿದಾರೆ ತಾನೆ? … ಮತ್ತೆ? … ಏನು ಸದ್ದು? ಯಾವ ಸದ್ದನ್ನ ಕೇಳಿಸ್ಕೊ ಅಂತೀರಾ? … ಹಾಂ, ಏನೋ ಗುರುಗುರು ಅಂತಿದೆ. ಲಾರಿ ಬಂತೇನೋ ಅಂದ್ಕೊಂಡೆ. … ಟ್ರ್ಯಾಕ್ಟರಾ? ದೊಡ್ಡಮ್ಮನ ಟ್ರ್ಯಾಕ್ಟರಾ? ಈಗ ಏನು ಉಳೋಕಿದೆ, ಕೊತ್ತಂಬರಿ ಇನ್ನೂ ಹೂವಲ್ಲಿರ್ಬೇಕಲ್ಲ…

…

ಹೂವನ್ನೇ ಉಳ್ತಿದಾರಾ?

…

ಇಲ್ಲ. ಇಲ್ಲ ಮಾವ. ಯಾಕೆ? … ನೀವು ಹೋಗ್ತೀರಿ ಅಂತಾನಾ? … ಹುಳ ಇಲ್ದೆ ಬೀಜ ಕಟ್ಟಲ್ಲ, ನಿಜ, ಆದ್ರೆ… 'ಬರೀ ಸೊಪ್ಪು ಹೂವು ಇಟ್ಕೊಂಡು ಏನು ಮಾಡ್ಲಿ, ಉತ್ತು ಬೇರೆ ಏನಾದ್ರೂ ಬಿತ್ತನೆ ಮಾಡ್ತೀನಿ' ಅಂದ್ರಾ ದೊಡ್ಡಮ್ಮ? ನೀವು ತಡೀಲಿಲ್ವಾ? … ಅವರೇ ಹೇಳಿದ್ರಾ ನಿಮಗೆ ಹೋಗು ಅಂತ? ನನ್ನ ಸಲುವಾಗಿ ನಿಲ್ಬೇಡ ಅಂದ್ರಾ? … ಮಾವ, ಇನ್ನೂ ಏನು ಮಾತಾಡ್ತಾ ಕೂತಿದೀರಿ! ಓಡಿ! ಎದ್ದು ಓಡಿ, ನಿಲ್ಲಿಸಿ! ಫೋನ್ ಅತ್ತೆಗೆ ಕೊಡಿ, ಕಟ್ ಮಾಡ್ಬೇಡಿ, ಓಡಿ ಮಾವ!

…

ಅತ್ತೆ? … ಅತ್ತೆ, ಮಾವ ಹೋದ್ರಾ? ಓಡ್ತಿದಾರಾ? … ಮಂಡಿನೋವು ಗೊತ್ತು ಅತ್ತೆ, ಆದ್ರೂ ಓಡ್ಲಿ. ದೊಡ್ಡಮ್ಮನಿಗೆ ಫೋನ್ ಮಾಡೋಣ ಅಂದ್ರೆ ಅವರು ಫೋನೇ ಇಟ್ಕೊಳ್ಳಲ್ಲ. ನೀವೂ ಬೇಲಿ ಕಡೆ ಹೋಗಿ, ಏನಾಗ್ತಿದೆ ಅಂತ ಹೇಳಿ ನನಗೆ. … ಅಲ್ಲಿ ಸಿಗ್ನಲ್ ಸರಿ ಇಲ್ವಾ? ಸಿಗೋವರೆಗೂ ಹೋಗಿ.

…

ಹೇಳ್ತೀನಿ ಅತ್ತೆ, ನೀವು ನಡೀತಾ ಇರಿ. ನಾನು ಸಾಸಿವೆ ಜೇನನ್ನ ಕಾಯಿಸಿ ಹಾಳು ಮಾಡಿ, ಹಾಳಾದ್ದನ್ನೇ ಅಳೆದು, ಮೊದಲನೇದು ಅಂತ ಬರೆದು ಕೊಟ್ಟೆ. ನಿಜವಾಗಿ ಮೊದಲನೇದು ದೊಡ್ಡಮ್ಮನ ಕೊತ್ತಂಬರಿ. … ಹೂಂ. … ಹೂಂ ಅತ್ತೆ. ಆ ಗಾಜು ಹಾಕಿಸಿದ ಹಾಳೆನೇ. … ಬೈರಿ. ನೀವಾದ್ರೂ ಬೈದ್ರಲ್ಲ, ಮಾವ ಬೈಲೇ ಇಲ್ಲ. ಅದೇ ನನ್ನ ಕೊಲ್ತಿರೋದು.

…

ಹಾಳೆ ಬಂದ ದಿನ ದೊಡ್ಡಮ್ಮ ಅಲ್ಲೇ ಇದ್ರಾ? … ಏನಂದ್ರು? ಸಿಟ್ಟು ಮಾಡ್ಕೊಂಡ್ರಾ? … ಹೇಳಿ ಅತ್ತೆ, ಮುಚ್ಚಿಡ್ಬೇಡಿ.

…

ಇನ್ನೊಂದು ಸಲ ಹೇಳಿ. … 'ನಮ್ಮ ಹುಡುಗಿ ಅಳೆದಿದ್ದು, ಅದರಲ್ಲಿ ತಪ್ಪಿರಲ್ಲ' ಅಂದ್ರಾ? … ನೀವು ಬೇರೆ ಕಡೆನೂ ಅಳೆಸಿ ನೋಡೋಣ ಅಂದಿದ್ದಕ್ಕಾ? … ನಿಮ್ಮ ಮೇಲೆ ರೇಗಿದ್ರಾ? ನಾನು ಸಾಕಿದ ಮಗು ಮೇಲೆ ಅನುಮಾನ ಪಡ್ತೀಯಾ ಅಂತ…

…

ಅಳ್ತಿಲ್ಲ. … ಹೂಂ, ಅಳ್ತಿದೀನಿ, ಬಿಡಿ. ಅಮ್ಮ ಆಸ್ಪತ್ರೇಲಿದ್ದಾಗೆಲ್ಲ ತಲೆ ಬಾಚಿ ಶಾಲೆಗೆ ಕಳಿಸಿದ್ದು ಅವರು ಅತ್ತೆ. ಬೇರೆ ಯಾರೋ ಅಳೆದಿದ್ರೆ ದೊಡ್ಡಮ್ಮ ಒಪ್ತಿದ್ರಾ? ಅವರ ಬಾಯಿಗೆ ಯಾರು ನಿಲ್ತಿದ್ರು? ಜಗಳ ಆಡಿ, ಇನ್ನೊಂದು ಸಲ ಅಳೆಸಿ, ಮಾವನ ಪೆಟ್ಟಿಗೆ ಮುಂದೆ ಅಡ್ಡ ಮಲಗಿರೋರು. ನಾನು ಅಂತ ಸುಮ್ನಾದ್ರು. ನಾನು ಅಂತ ತಲೆ ತಗ್ಗಿಸಿ ಹೋಗಿ ಟ್ರ್ಯಾಕ್ಟರ್ ಹತ್ತಿದ್ರು. ನಾನಿಲ್ಲಿ ಮೇಡಂ ಹೊಗಳಿದ್ರು ಅಂತ ಬೀಗ್ತಾ ಕೂತಿದ್ದೆ.

…

ಬೇಲಿ ಹತ್ರ ಬಂದ್ರಾ? ಎಷ್ಟು ಉಳಿದಿದೆ? … ಹೇಳಿ ಅತ್ತೆ, ಎಷ್ಟಿದ್ರೂ ಹೇಳಿ. … ಬಾವಿ ಕಡೆಯದೆಲ್ಲ ಹೋಯ್ತಾ? … ಪೆಟ್ಟಿಗೆ ಕಡೆಯ ಅರ್ಧ ಇನ್ನೂ ಇದೆಯಾ? ಬೆಳ್ಳಗೇ ಇದೆಯಾ? ಹುಳ ಕೂತಿದಾವಾ? … ಅಯ್ಯೋ, ಹೂವಿನ ಮೇಲೆ ಹುಳ ಇರೋವಾಗ್ಲೇ… ಮಾವ ಎಲ್ಲಿದಾರೆ?

…

ಕೂಗ್ಲಿ, ಇನ್ನೂ ಜೋರಾಗಿ ಕೂಗ್ಲಿ. … ಕೇಳಿಸ್ತಿಲ್ವಾ ಅವರಿಗೆ? ಬೆನ್ನು ಈ ಕಡೆ ಇದೆಯಾ? … ಟ್ರ್ಯಾಕ್ಟರ್ ಸದ್ದಲ್ಲಿ ಹೇಗೆ ಕೇಳ್ಬೇಕು, ನನಗೇ ಇಲ್ಲಿ ಕಿವಿ ತುಂಬ ಅದೇ. ನೀವು ಸೆರಗೋ ಟವೆಲ್ಲೋ ಏನಾದ್ರೂ ಬೀಸಿ ಅತ್ತೆ! … ಮಾವ ಬಿದ್ರಾ? ಎದ್ರಾ? … ಎದ್ರು. ಸರಿ. ಸರಿ. ಚಪ್ಪಲಿ ಹೋದ್ರೆ ಹೋಗ್ಲಿ ಬಿಡಿ.

…

ತಿರುಗಿಸ್ತಿದಾರಾ? ಯಾವ ಕಡೆ? … ಉಳಿದ ಅರ್ಧದ ಕಡೆಗಾ? … ಮಾವ ಮುಂದೆ ಹೋಗಿ ನಿಲ್ಲೋಕೆ ಹೋಗ್ತಿದಾರಾ? ಬೇಡ, ಹತ್ರ ಬೇಡ, ದೂರದಿಂದ್ಲೇ ಕೈ ಬೀಸ್ಲಿ!

…

ಅತ್ತೆ, ಕೇಳಿ. ನಿಂತ ಕೂಡ್ಲೇ ಫೋನ್ ತಗೊಂಡು ಹೋಗಿ ದೊಡ್ಡಮ್ಮನ ಕೈಗೆ ಕೊಡಿ. ಮಾವನ ಬಾಯಿಂದ ಬೇಡ, ನೀವೂ ಹೇಳ್ಬೇಡಿ. ನಾನೇ ಹೇಳ್ತೀನಿ. ದೊಡ್ಡಮ್ಮ, ನಿನ್ನ ಹೂವಲ್ಲಿ ಕೊರತೆ ಇರ್ಲಿಲ್ಲ, ನೀನು ಸಾಕಿದ ಹುಡುಗಿಯಲ್ಲಿತ್ತು ಅಂತ ನಾನೇ ಹೇಳ್ಬೇಕು. ಬೈಲಿ, ಮತ್ತೆ ಮಾತೇ ಆಡಲ್ಲ ಅನ್ಲಿ, ಅವರ ಬಾಯಿಂದ್ಲೇ ಕೇಳ್ತೀನಿ. ಕೊಡ್ತೀರಲ್ಲ? … ಕೊಡ್ತೀರಲ್ಲ ಅತ್ತೆ?

…

ಅತ್ತೆ! ಸದ್ದು ನಿಂತ್ಹೋಯ್ತು! ನಿಂತಿತು ಅಲ್ವಾ? ನಿಲ್ಲಿಸಿದ್ರಾ ದೊಡ್ಡಮ್ಮ? ಮಾವನ ಮಾತು ಕೇಳಿಸ್ತಾ ಅವರಿಗೆ?

…

ಅತ್ತೆ? … ಹಲೋ? … ಯಾಕೆ ಏನೂ ಕೇಳ್ತಿಲ್ಲ, ನಿಮ್ಮ ದನೀನೂ ಇಲ್ಲ… ಅತ್ತೆ, ನಿಂತಿದ್ದು ಟ್ರ್ಯಾಕ್ಟರ್ ತಾನೆ? ಹೇಳಿ, ಟ್ರ್ಯಾಕ್ಟರ್ ತಾನೆ, ಫೋನ್ ಲೈನ್ ಅಲ್ವಲ್ಲ? … ಹಲೋ? … ಹಲೋ…